ಇಂಗ್ಲಿಷ್ ಚೆನ್ನಾಗಿ ಬಂದರೂ ಹೊರದೇಶದವರ ಜೊತೆ ಮಾತು ಎಡವುತ್ತಿದೆ. ಭಾಷೆ ಕಲಿಯಬೇಕಾ, ರೀತಿ ಕಲಿಯಬೇಕಾ?

ಟೆಸ್ಟಿಂಗ್_ಗೆಳೆಯ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ನಾನು ಆರು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಮ್ಯಾನೇಜರ್ ಜರ್ಮನಿಯಲ್ಲಿ, ಕ್ಲೈಂಟ್ ಜಪಾನಿನಲ್ಲಿ. ಮೀಟಿಂಗ್ ಎಲ್ಲಾ ಇಂಗ್ಲಿಷಿನಲ್ಲೇ. ನನ್ನ ಇಂಗ್ಲಿಷಿಗೆ ಇವತ್ತಿನವರೆಗೂ ಯಾರೂ ಹೆಸರಿಟ್ಟಿಲ್ಲ.

ಹೋದ ತಿಂಗಳು ಒಂದು ಕಾಲ್‌ನಲ್ಲಿ ಮ್ಯಾನೇಜರ್ ಕೇಳಿದರು, "ಹಾಗಾದರೆ ನೀವು ಕ್ಲೈಂಟ್‌ಗೆ ರಿಪೋರ್ಟ್ ಇನ್ನೂ ಕಳಿಸಿಲ್ಲ?" ನಾನು "ಯೆಸ್" ಅಂದೆ. ನನ್ನ ಮನಸ್ಸಿನಲ್ಲಿ ಇದ್ದದ್ದು "ಹೌದು, ಇನ್ನೂ ಕಳಿಸಿಲ್ಲ" ಅಂತ. ಕನ್ನಡದಲ್ಲಿ ಹಾಗೇ ಅಲ್ವಾ ನಾವು ಮಾತಾಡೋದು? "ಬಸ್ ಬಂದಿಲ್ವಾ?" "ಹೂಂ, ಬಂದಿಲ್ಲ." ಅವರು ಕೇಳಿಸಿಕೊಂಡದ್ದು "ಕಳಿಸಿದ್ದೇನೆ" ಅಂತ. ಅಷ್ಟರಲ್ಲಿ ಇನ್ಯಾರೋ ಮಾತು ಶುರು ಮಾಡಿದರು, ವಿಷಯ ಮುಂದಕ್ಕೆ ಹೋಯಿತು. ಅವತ್ತೇ ಸಂಜೆ ಅವರು ಕ್ಲೈಂಟ್‌ಗೆ, ರಿಪೋರ್ಟ್ ನೋಡಿ ಅಭಿಪ್ರಾಯ ತಿಳಿಸಿ ಅಂತ ಮೇಲ್ ಹಾಕಿದರು. ಎರಡು ದಿನ ಬಿಟ್ಟು ಆ ಕಡೆಯಿಂದ ಬಹಳ ವಿನಯದ ಉತ್ತರ ಬಂತು. ನಮ್ಮಲ್ಲೇ ಎಲ್ಲೋ ತಪ್ಪಿಹೋಗಿರಬೇಕು, ರಿಪೋರ್ಟ್ ಸಿಗುತ್ತಿಲ್ಲ, ದಯವಿಟ್ಟು ಇನ್ನೊಮ್ಮೆ ಕಳಿಸುತ್ತೀರಾ ಅಂತ. ಮುಂದಿನ ಕಾಲ್‌ನಲ್ಲಿ ಮ್ಯಾನೇಜರ್ ಎಲ್ಲರೆದುರು "ನೀವು ಕೊಟ್ಟ ಮಾಹಿತಿ ತಪ್ಪು" ಅಂದುಬಿಟ್ಟರು. ನಾನು ಸುಳ್ಳು ಹೇಳಿದ ಹಾಗೆ ಆಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕೂ ಮುಂಚೆ ಇನ್ನೊಂದು ಆಗಿತ್ತು. ಟೆಸ್ಟಿಂಗ್‌ಗೆ ಹೊಸ ಟೂಲ್ ಬಳಸೋಣ ಅಂತ ಕ್ಲೈಂಟ್ ಮುಂದೆ ಇಟ್ಟೆ. "ಪರಿಶೀಲಿಸುತ್ತೇವೆ" ಅಂದರು. ಮುಖದಲ್ಲಿ ನಗು ಇತ್ತು, ತಲೆ ಆಡಿಸುತ್ತಿದ್ದರು. ಒಪ್ಪಿದ್ದಾರೆ ಅಂದುಕೊಂಡು ಇಬ್ಬರನ್ನು ಒಂದು ವಾರ ಅದಕ್ಕೇ ಹಾಕಿದೆ. ಅದು ಬೇಡ ಅನ್ನುವ ಉತ್ತರವಾಗಿತ್ತಂತೆ.

ಈಗ ಜರ್ಮನಿಯ ಆಫೀಸಿಗೆ ಲೀಡ್ ಆಗಿ ಬರುತ್ತೀರಾ ಅಂತ ಕೇಳಿದ್ದಾರೆ. ಖುಷಿ ಇದೆ, ಅದಕ್ಕಿಂತ ಜಾಸ್ತಿ ಭಯ ಇದೆ. ಜರ್ಮನ್ ಕಲಿಯಲಾ, ಜಪಾನೀಸ್ ಕಲಿಯಲಾ, ಅಥವಾ ಆಫೀಸಿನವರು ಕೊಡುವ ಎರಡು ದಿನದ ಕಲ್ಚರ್ ಟ್ರೇನಿಂಗ್ ಸಾಕಾ? ಅನುಭವ ಇರುವವರು ಹೇಳಿ.

---

ಪೂರ್ವದಿಕ್ಕು:

ನಾನು ಜಪಾನಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ "ಯೆಸ್" ಓದಿ ಮನಸ್ಸಿಗೆ ತುಂಬಾ ಹತ್ತಿರ ಅನ್ನಿಸಿತು, ಯಾಕಂದರೆ ಜಪಾನೀಸ್‌ನಲ್ಲೂ ಹೀಗೇ. "ಬರುವುದಿಲ್ಲವೇ?" ಅಂತ ಕೇಳಿದರೆ "ಹಾಯ್, ಬರುವುದಿಲ್ಲ" ಅನ್ನುತ್ತಾರೆ. "ಹಾಯ್" ಅಂದರೆ ಹೌದು. ಪ್ರಶ್ನೆಯಲ್ಲಿರುವ ಮಾತು ಸರಿ ಅಂತ ಒಪ್ಪುವ ಹೌದು ಅದು. ಇಂಗ್ಲಿಷ್ ಹಾಗಲ್ಲ. ಕಳಿಸಿಲ್ಲ ಅಂದರೆ "ನೋ" ಅನ್ನಲೇಬೇಕು, ಪ್ರಶ್ನೆ ಹೇಗೇ ಇರಲಿ. ಜರ್ಮನ್‌ನಲ್ಲಂತೂ ಇಲ್ಲ ಅಂತ ಕೇಳಿದ್ದಕ್ಕೆ "ಇಲ್ಲ ಅಲ್ಲ, ಕಳಿಸಿದ್ದೇನೆ" ಅನ್ನಲು "ಡೋಖ್" ಅಂತ ಬೇರೆ ಪದವೇ ಇದೆ. ನೀವು ಸುಳ್ಳು ಹೇಳಿಲ್ಲ. ನಿಮ್ಮ ಬಾಯಲ್ಲಿ ಇಂಗ್ಲಿಷ್ ಇತ್ತು, ಅದರ ಕೆಳಗೆ ಕನ್ನಡ ಇತ್ತು, ಅಷ್ಟೇ.

ಇನ್ನು "ಪರಿಶೀಲಿಸುತ್ತೇವೆ" ವಿಷಯ. ಜಪಾನೀಸ್‌ನಲ್ಲಿ ಅದು "ಕೆಂತೋ ಶಿಮಾಸು". ನಿಜವಾಗಿ ಪರಿಶೀಲಿಸುವುದೂ ಇರಬಹುದು, ಬೇಡ ಅನ್ನುವುದನ್ನು ನೋವಾಗದ ಹಾಗೆ ಹೇಳುವುದೂ ಇರಬಹುದು. ಯಾವುದು ಅಂತ ಗೊತ್ತಾಗಬೇಕಾದರೆ ಆಮೇಲೆ ಏನು ಬಂತು ಅಂತ ನೋಡಬೇಕು. ಯಾರು ನೋಡುತ್ತಾರೆ, ಯಾವಾಗ ತಿಳಿಸುತ್ತಾರೆ ಅನ್ನುವ ಮಾತು ಜೊತೆಗೆ ಬಂದಿಲ್ಲ ಅಂದರೆ ಕೆಲಸ ಶುರು ಮಾಡಬೇಡಿ. ತಲೆ ಆಡಿಸಿ "ಹಾಯ್, ಹಾಯ್" ಅನ್ನುವುದಕ್ಕೆ "ಐಜುಚಿ" ಅಂತ ಹೆಸರಿದೆ. ಕೇಳುತ್ತಿದ್ದೇನೆ, ಮುಂದುವರಿಸಿ ಅಂತ ಅದರ ಅರ್ಥ. ಒಪ್ಪಿಗೆ ಅಂತಲ್ಲ.

ಜೊತೆಗೆ, ಅಲ್ಲಿ ನಿಜವಾದ ತೀರ್ಮಾನ ಮೀಟಿಂಗ್‌ಗೆ ಮುಂಚೆಯೇ ಆಗಿರುತ್ತದೆ. "ನೆಮವಾಶಿ" ಅನ್ನುತ್ತಾರೆ. ಮರವನ್ನು ಬೇರೆ ಕಡೆ ನೆಡುವ ಮೊದಲು ಬೇರಿನ ಸುತ್ತ ಬಿಡಿಸಿ ಸಿದ್ಧ ಮಾಡುವ ಕೆಲಸದ ಹೆಸರು ಅದು. ನಿಮ್ಮ ಟೂಲ್ ವಿಷಯವನ್ನು ಮೀಟಿಂಗ್‌ಗೆ ವಾರ ಮುಂಚೆ ಅವರಲ್ಲಿ ಒಬ್ಬೊಬ್ಬರ ಹತ್ತಿರ ಬೇರೆಬೇರೆಯಾಗಿ ಮಾತಾಡಿದ್ದರೆ, ಅವರಿಗೆ ಎಲ್ಲರೆದುರು "ಬೇಡ" ಅನ್ನುವ ಮುಜುಗರವೂ ತಪ್ಪುತ್ತಿತ್ತು, ನಿಮ್ಮ ಒಂದು ವಾರವೂ ಉಳಿಯುತ್ತಿತ್ತು.

ಪರೀಕ್ಷೆ ಬಗ್ಗೆ ಒಂದು ಎಚ್ಚರಿಕೆ. ಜಪಾನೀಸ್ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಸುಲಭದ ಎನ್5ರಿಂದ ಕಷ್ಟದ ಎನ್1ರವರೆಗೆ ಐದು ಹಂತ ಇದೆ, ಆದರೆ ಅದರಲ್ಲಿ ಮಾತಾಡುವ ಪರೀಕ್ಷೆ ಇಲ್ಲ, ಬರೆಯುವುದೂ ಇಲ್ಲ. ನಾನು ಎನ್2 ಪಾಸಾಗಿ ಹೋದವನು. ಮೊದಲ ವಾರ ಆಫೀಸ್ ಫೋನ್ ಎತ್ತಿದೆ, ಹೊರಗಿನವರೊಬ್ಬರು ನಮ್ಮ ಮ್ಯಾನೇಜರ್ ಇದ್ದಾರಾ ಅಂತ ಕೇಳಿದರು. ನಾನು ಮರ್ಯಾದೆಯಿಂದ ಮ್ಯಾನೇಜರ್ ಹೆಸರಿಗೆ "ಸಾನ್" ಸೇರಿಸಿ ಉತ್ತರ ಕೊಟ್ಟೆ. ಪಕ್ಕದ ಟೇಬಲ್‌ನವರು ಬೆಚ್ಚಿ ನನ್ನ ಕಡೆ ತಿರುಗಿದರು. ಹೊರಗಿನವರ ಹತ್ತಿರ ಮಾತಾಡುವಾಗ ನಮ್ಮವರಿಗೆ ಗೌರವದ ಪದ ಹಾಕಬಾರದು, ದೊಡ್ಡ ಬಾಸ್ ಆದರೂ ಸರಿ, ಬರೀ ಹೆಸರು ಹೇಳಬೇಕು. ದೊಡ್ಡವರಿಗೆ ಬಹುವಚನ ಹಾಕಿಯೇ ಬೆಳೆದ ನನಗೆ ನಾಲಿಗೆ ಹೊರಳಲು ತಿಂಗಳುಗಟ್ಟಲೆ ಬೇಕಾಯಿತು.

---

ಕಡಲಕಾಗೆ:

ನಾನು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಒಂದೇ ಬ್ರಿಡ್ಜ್ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಾಲ್ಕು ದೇಶದವರು ಇರುತ್ತೇವೆ, ಯಾರಿಗೂ ಇಂಗ್ಲಿಷ್ ಮನೆಮಾತಲ್ಲ. ನಮ್ಮಲ್ಲಿ "ಯೆಸ್", "ಓಕೆ" ಇವಕ್ಕೆ ಬೆಲೆಯೇ ಇಲ್ಲ. ಚುಕ್ಕಾಣಿ ಎಡಕ್ಕೆ ಹತ್ತು ಡಿಗ್ರಿ ತಿರುಗಿಸು ಅನ್ನಲು ಕ್ಯಾಪ್ಟನ್ "ಪೋರ್ಟ್ ಟೆನ್" ಅಂದರೆ ಚುಕ್ಕಾಣಿ ಹಿಡಿದವನು "ಪೋರ್ಟ್ ಟೆನ್" ಅಂತ ತಿರುಗಿ ಹೇಳಬೇಕು, ಚುಕ್ಕಾಣಿ ಅಲ್ಲಿಗೆ ಬಂದ ಮೇಲೆ ಮತ್ತೆ ಹೇಳಬೇಕು. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಒಪ್ಪಿದ ಸಿದ್ಧ ವಾಕ್ಯಗಳೇ ಇವೆ. ಮೇ, ಮೈಟ್, ಶುಡ್, ಕ್ಯಾನ್ ಇಂಥ ಪದಗಳು ಎರಡರ್ಥ ಕೊಡುತ್ತವೆ, ಬಳಸಬೇಡಿ ಅಂತ ಅದರಲ್ಲೇ ಇದೆ. 150 ಅನ್ನುವುದನ್ನು "ಒನ್ ಫೈವ್ ಝೀರೋ" ಅಂತ ಬಿಡಿಬಿಡಿಯಾಗಿ ಹೇಳುತ್ತೇವೆ.

ಇದು ಸುಮ್ನೆ ಶಿಸ್ತಿಗೆ ಬಂದದ್ದಲ್ಲ. ವಿಮಾನದವರ ಕಥೆ ನೋಡಿ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಡಚ್ ವಿಮಾನದಿಂದ "ವಿ ಆರ್ ನೌ ಅಟ್ ಟೇಕಾಫ್" ಅಂತ ರೇಡಿಯೋದಲ್ಲಿ ಬಂತು. ಹಾರಲು ಶುರು ಮಾಡಿದ್ದೇವೆ ಅಂತ ಅವರು ಹೇಳಿದ್ದು. ಹಾರುವ ಜಾಗದಲ್ಲಿ ನಿಂತು ಕಾಯುತ್ತಿದ್ದಾರೆ ಅಂತ ಕಂಟ್ರೋಲರ್ ತಿಳಿದದ್ದು. ಕಂಟ್ರೋಲರ್ ಮೊದಲು "ಓಕೆ" ಅಂದರು, ಆಮೇಲೆ ಕಾಯಿರಿ, ನಾನು ಹೇಳುತ್ತೇನೆ ಅಂದರು, ಆ ಎರಡನೇ ಭಾಗ ಇನ್ನೊಂದು ವಿಮಾನದ ಮಾತಿನ ಜೊತೆ ಡಿಕ್ಕಿಯಾಗಿ ಬರೀ ಕೀರಲು ಸದ್ದಾಗಿ ಕೇಳಿಸಿತು. ರನ್‌ವೇ ಮೇಲೆ ಇನ್ನೊಂದು ವಿಮಾನ ಇತ್ತು. 583 ಜನ ಸತ್ತರು. ಈಗ "ಟೇಕಾಫ್" ಅನ್ನುವ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದ ಕಡೆ "ಡಿಪಾರ್ಚರ್".

1990ರ ಜನವರಿ 25ರಂದು ಕೊಲಂಬಿಯಾದ ಆವಿಯಾಂಕಾ 52 ವಿಮಾನ ನ್ಯೂಯಾರ್ಕ್ ಹತ್ತಿರ ಇಂಧನ ಖಾಲಿಯಾಗಿ ಬಿತ್ತು. 158 ಜನರಲ್ಲಿ 73 ಜನ ಹೋದರು. ಎಮರ್ಜೆನ್ಸಿ ಅಂತ ಹೇಳು ಅಂತ ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಹೇಳಿದ್ದರು. ಕೋ ಪೈಲಟ್ ಕಂಟ್ರೋಲರ್‌ಗೆ, ನಮ್ಮ ಇಂಧನ ಮುಗಿಯುತ್ತಿದೆ ಅಂತ ಹೇಳಿದರೇ ಹೊರತು ಆ ಒಂದು ಪದ ಬಳಸಲಿಲ್ಲ. ನಾನು ಇದನ್ನು ಓದಿದಾಗೆಲ್ಲಾ ಯೋಚಿಸುತ್ತೇನೆ, ಕೆಟ್ಟ ಸುದ್ದಿಯನ್ನು ಮೆತ್ತಗೆ ಹೇಳುವ ಅಭ್ಯಾಸ ನಮ್ಮಲ್ಲೂ ಎಷ್ಟು ಜನಕ್ಕೆ ಇದೆ! "ಸ್ವಲ್ಪ ತಡ ಆಗಬಹುದು ಸರ್" ಅನ್ನುತ್ತೇವೆ. ಶುಕ್ರವಾರಕ್ಕೆ ಆಗುವುದಿಲ್ಲ ಅನ್ನುವುದು ನಮ್ಮ ಮನಸ್ಸಿನಲ್ಲೇ ಉಳಿಯುತ್ತದೆ.

ನನ್ನ ಸಲಹೆ ಒಂದೇ. ಕೆಲಸದ ಮಾತಿಗೆ ಒಂಟಿ ಯೆಸ್, ಒಂಟಿ ನೋ ಎರಡನ್ನೂ ಬಿಡಿ. ಪೂರ್ತಿ ವಾಕ್ಯ ಹೇಳಿ. "ರಿಪೋರ್ಟ್ ಇನ್ನೂ ಕಳಿಸಿಲ್ಲ, ಗುರುವಾರ ಕಳಿಸುತ್ತೇನೆ." ಇದಕ್ಕೆ ಯಾವ ದೇಶದ ಕಲ್ಚರ್ ಟ್ರೇನಿಂಗೂ ಬೇಡ.

---

ಬೇಕರ್‌ಸ್ಟ್ರಾಸೆ:

ಜರ್ಮನಿಯಿಂದ ಬರೆಯುತ್ತಿದ್ದೇನೆ, ಐದನೇ ವರ್ಷ. "ನೀವು ಕೊಟ್ಟ ಮಾಹಿತಿ ತಪ್ಪು" ಅನ್ನುವುದು ಅವರಿಗೆ ಆ ವಾಕ್ಯದ ಬಗ್ಗೆ ಹೇಳಿದ ಮಾತು, ನಿಮ್ಮ ಬಗ್ಗೆ ಅಲ್ಲ. ನನಗೂ ಮೊದಲ ವರ್ಷ ಎದೆಗೆ ಚುಚ್ಚುತ್ತಿತ್ತು. ಒಮ್ಮೆ ನನ್ನ ಡಿಸೈನ್ ಅನ್ನು ಅರ್ಧ ಗಂಟೆ ಸೀಳಿ ಹಾಕಿದ ಸಹೋದ್ಯೋಗಿ, ಮೀಟಿಂಗ್ ಮುಗಿದ ಐದು ನಿಮಿಷಕ್ಕೆ ಏನೂ ಆಗದವರ ಹಾಗೆ ಪಕ್ಕ ಬಂದು ನಿಂತು ವೀಕೆಂಡ್ ಪ್ಲಾನ್ ಏನು ಅಂತ ಕೇಳಿದರು. ಅವರಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ!

ಭಾಷೆ ವಿಷಯದಲ್ಲಿ ಮಾತ್ರ ಕಡಲಕಾಗೆ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪೂರ್ತಿ ವಾಕ್ಯ ಹೇಳಿದರೆ ಮೀಟಿಂಗ್ ನಡೆಯುತ್ತದೆ, ಆದರೆ ಲೀಡ್ ಆದವನಿಗೆ ಮೀಟಿಂಗ್ ಸಾಕಾಗುವುದಿಲ್ಲ. ಮೀಟಿಂಗ್ ಇಂಗ್ಲಿಷಿನಲ್ಲಿ ಮುಗಿಯುತ್ತದೆ, ಬಾಗಿಲು ದಾಟುತ್ತಿದ್ದ ಹಾಗೇ ಎಲ್ಲರೂ ಜರ್ಮನ್‌ಗೆ ಇಳಿಯುತ್ತಾರೆ, ಯಾರಿಗೆ ಏನು ಬೇಸರ, ಯಾವ ಕೆಲಸ ನಿಜವಾಗಿ ನಿಂತಿದೆ ಅನ್ನುವುದೆಲ್ಲ ಆ ಕಾರಿಡಾರ್ ಮಾತಿನಲ್ಲಿ ಇರುತ್ತದೆ. ಜರ್ಮನ್ ಕಲಿಕೆಯಲ್ಲಿ ಎ1 ಮೊದಲ ಹಂತ, ಬಿ1 ಮೂರನೆಯದು. ನಾನು ಬಿ1 ಮುಗಿಸಿದ ಮೇಲೆ ಅದರಲ್ಲಿ ಅರ್ಧ ಅರ್ಥವಾಗಲು ಶುರುವಾಯಿತು. ಆ ಅರ್ಧ ಎಷ್ಟು ದೊಡ್ಡದು ಅಂತ ಈಗ ಗೊತ್ತಾಗುತ್ತಿದೆ.

ಚಿಕ್ಕ ಚಿಕ್ಕದರಲ್ಲೂ ಎಡವುತ್ತೀರಿ. "ಹಾಲ್ಬ್ ಆಖ್ಟ್" ಅಂದರೆ ಪದಕ್ಕೆ ಪದ "ಅರ್ಧ ಎಂಟು". ಏಳೂವರೆ ಅಂತ ಅರ್ಥ. ಬ್ರಿಟಿಷರು "ಹಾಫ್ ಏಟ್" ಅಂದರೆ ಎಂಟೂವರೆ. ನಾನು ಒಂದು ಗಂಟೆ ತಡವಾಗಿ ಹೋಗಿದ್ದೇನೆ. 21ನ್ನು "ಒಂದು ಮತ್ತು ಇಪ್ಪತ್ತು" ಅಂತ ಹೇಳುತ್ತಾರೆ, ಫೋನ್ ನಂಬರ್ ಬರೆದುಕೊಳ್ಳುವಾಗ ಕೈ ಹಿಂದುಮುಂದು ಆಗುತ್ತದೆ. "ಝೀ" ಮತ್ತು "ಡು" ನಮ್ಮ ನೀವು, ನೀನು ಇದ್ದ ಹಾಗೆ, ಅದು ನಮಗೆ ಸುಲಭ. ಸಾಮಾನ್ಯವಾಗಿ ಹಿರಿಯರು "ಡು" ಅನ್ನೋಣ ಅಂತ ಹೇಳುವವರೆಗೂ "ಝೀ"ಯಲ್ಲೇ ಇರಿ.

ಇನ್ನೊಂದು ಲಾಭ. ಓದಿದ ಹೊರದೇಶದವರಿಗೆ ಇಲ್ಲಿ ಕೆಲಸ ಮಾಡಲು ಕೊಡುವ ಬ್ಲೂ ಕಾರ್ಡ್ ಪಡೆಯಲು ಜರ್ಮನ್ ಬೇಕಿಲ್ಲ, ಆದರೆ ಕಾಯಂ ವಾಸದ ಪರವಾನಗಿಗೆ ಆ ಕಾರ್ಡ್ ಮೇಲೆ ಕೆಲಸ ಮಾಡಿದ್ದು ಎ1 ಇದ್ದರೆ 27 ತಿಂಗಳು ಆಗಿರಬೇಕು, ಬಿ1 ಇದ್ದರೆ 21 ತಿಂಗಳು ಸಾಕು.

---

ಎರಡು_ಮಾತು:

ಒಂದು ವಿಷಯಕ್ಕೆ ನನ್ನ ವಿರೋಧ ಇದೆ. ಜರ್ಮನರು ನೇರ, ಜಪಾನಿನವರು ಸುತ್ತುಬಳಸು ಅಂತ ಪಟ್ಟಿ ಮಾಡಿಕೊಂಡು ಹೋಗಬೇಡಿ. ನನ್ನ ಹಿಂದಿನ ಜರ್ಮನ್ ಬಾಸ್ ಒಂದು ಕೆಟ್ಟ ಮಾತನ್ನೂ ನೇರ ಹೇಳುತ್ತಿರಲಿಲ್ಲ, ಮೂರು ತಿಂಗಳಾದ ಮೇಲೆ ಬೇರೆಯವರಿಂದ ಗೊತ್ತಾಗುತ್ತಿತ್ತು. ಎರಡು ದಿನದ ಟ್ರೇನಿಂಗ್‌ನಲ್ಲಿ ಕೊಡುವುದು ಆ ಪಟ್ಟಿಯನ್ನೇ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ವಾರದಲ್ಲೇ ತಂಡದ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ, ನಿಮ್ಮ ಕೆಲಸದಲ್ಲಿ ತಪ್ಪು ಕಂಡರೆ ನಾನು ಹೇಗೆ ಹೇಳಬೇಕು, ಎಲ್ಲರೆದುರಾ, ಒಬ್ಬರೇ ಇದ್ದಾಗಲಾ, ಬರೆದಾ? ಜನ ಖುಷಿಯಿಂದ ಹೇಳುತ್ತಾರೆ.

---

ದುಭಾಷಿ:

ವೃತ್ತಿಯಲ್ಲಿ ದುಭಾಷಿ. ನಾವು ಗಾಜಿನ ಬೂತ್‌ನಲ್ಲಿ ಕೂತು ಭಾಷಣದ ಜೊತೆಜೊತೆಗೇ ಅನುವಾದ ಹೇಳುವಾಗ ಇಬ್ಬರು ಇರುತ್ತೇವೆ, ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ಬದಲಾಗುತ್ತೇವೆ, ಅಷ್ಟು ದಣಿವು. ಅತ್ಯಂತ ಕಷ್ಟ ಯಾವುದು ಅಂದರೆ ಅಂಕಿ. ನಮ್ಮ ಲೆಕ್ಕ ಲಕ್ಷ, ಕೋಟಿ. ಇಂಗ್ಲಿಷಿನಲ್ಲಿ ಮಿಲಿಯನ್. ಜಪಾನೀಸ್ ಹತ್ತು ಸಾವಿರಕ್ಕೆ "ಮಾನ್", ಹತ್ತು ಕೋಟಿಗೆ "ಓಕು" ಅಂತ ಹೋಗುತ್ತದೆ. ಹತ್ತು ಲಕ್ಷ ಅಂದರೆ ಒಂದು ಮಿಲಿಯನ್, ಜಪಾನೀಸ್‌ನಲ್ಲಿ ನೂರು ಮಾನ್. ಮೂರೂ ಕಡೆಯವರು ಒಂದೇ ಕಾಲ್‌ನಲ್ಲಿದ್ದರೆ ದಯವಿಟ್ಟು ಅಂಕಿಯನ್ನು ಚಾಟ್‌ನಲ್ಲಿ ಬರೆದುಬಿಡಿ. ತಾರೀಖೂ ಅಷ್ಟೇ. 03/04 ಅಂತ ಬರೆದರೆ ಒಬ್ಬರಿಗೆ ಏಪ್ರಿಲ್, ಒಬ್ಬರಿಗೆ ಮಾರ್ಚ್. ತಿಂಗಳ ಹೆಸರು ಬರೆಯಿರಿ.

ಮತ್ತೆ, ನಮ್ಮ ಇಂಗ್ಲಿಷಿನ "ಐ ಹ್ಯಾವ್ ಎ ಡೌಟ್" ಬಿಡಿ. ನಮಗೆ ಅದು ಪ್ರಶ್ನೆ. ಅವರಿಗೆ, ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಕೇಳಿಸುತ್ತದೆ.

---

ಟೆಸ್ಟಿಂಗ್_ಗೆಳೆಯ:

ಎಲ್ಲರಿಗೂ ಮನಸಾರೆ ಧನ್ಯವಾದ. "ಅದರ ಕೆಳಗೆ ಕನ್ನಡ ಇತ್ತು" ಅನ್ನುವುದನ್ನು ಎರಡು ಸಲ ಓದಿದೆ. ಮನಸ್ಸು ಹಗುರಾಯಿತು.

ನಿನ್ನೆ ಮ್ಯಾನೇಜರ್ ಜೊತೆ ಒಬ್ಬನೇ ಮಾತಾಡಿದೆ. ಅವತ್ತಿನ "ಯೆಸ್" ನನ್ನ ಭಾಷೆಯಲ್ಲಿ ಏನು ಅಂತ ಬಿಡಿಸಿ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, ಇದು ನನಗೆ ಗೊತ್ತಿರಲಿಲ್ಲ, ಇನ್ನುಮುಂದೆ ನಾನೂ "ಇಲ್ಲ" ಸೇರಿಸಿ ಪ್ರಶ್ನೆ ಕೇಳುವುದಿಲ್ಲ ಅಂದರು. ಅವರಿಂದ ಇಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ.

ಜರ್ಮನ್ ಎ1 ಕ್ಲಾಸಿಗೆ ಹೆಸರು ಕೊಟ್ಟೆ. ಪೂರ್ವದಿಕ್ಕು ಅವರೇ, ಟೂಲ್ ವಿಷಯವನ್ನು ಕ್ಲೈಂಟ್ ಹತ್ತಿರ ಮತ್ತೆ ಎತ್ತಬಹುದಾ, ಅಥವಾ ಒಮ್ಮೆ "ಪರಿಶೀಲಿಸುತ್ತೇವೆ" ಅಂದ ಮೇಲೆ ಕೇಳುವುದು ತಪ್ಪಾ?

---

ಪೂರ್ವದಿಕ್ಕು:

ಎತ್ತಬಹುದು, ಆದರೆ ಮೀಟಿಂಗ್‌ನಲ್ಲಿ ಬೇಡ. ನಿಮ್ಮ ಜೊತೆ ಜಾಸ್ತಿ ಒಡನಾಟ ಇರುವ ಎಂಜಿನಿಯರ್ ಒಬ್ಬರಿಗೆ ಬರೆಯಿರಿ. ಟೂಲ್ ಒಪ್ಪಿಕೊಳ್ಳಿ ಅಂತ ಕೇಳಬೇಡಿ, ಇದನ್ನು ಬಳಸಿದರೆ ನಿಮ್ಮ ಕಡೆ ಯಾವ ಕೆಲಸಕ್ಕೆ ತೊಂದರೆ ಆಗುತ್ತದೆ ಅಂತ ಕೇಳಿ. ಉತ್ತರ ಉದ್ದ ಬಂದರೆ ಇನ್ನೂ ದಾರಿ ಇದೆ ಅಂತ ತಿಳಿಯಿರಿ. ಒಂದೇ ಸಾಲು ಬಂದರೆ ಅಲ್ಲಿಗೇ ಬಿಟ್ಟುಬಿಡಿ.