100 ಮೀಟರ್ ಓಟದಲ್ಲಿ ಇಬ್ಬರೂ ಒಟ್ಟಿಗೇ ಬಂದರೆ ಗೆದ್ದವರು ಯಾರು ಅಂತ ಹೇಗೆ ತೀರ್ಮಾನ ಮಾಡುತ್ತಾರೆ?

ತೋಟದಮನೆ ಅಮ್ಮ, ಚಿಕ್ಕಮಗಳೂರು ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ಓಟದ ನಿಯಮ ಗೊತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ನನ್ನ ಮಗಳು ಎಂಟನೇ ಕ್ಲಾಸು. ಕಳೆದ ಶುಕ್ರವಾರ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ 100 ಮೀಟರ್ ಓಡಿದಳು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಸುಣ್ಣದ ಗೆರೆ ಅರ್ಧ ಕರಗಿ ಹೋಗಿತ್ತು, ಎರಡು ಸಲ ಮತ್ತೆ ಎಳೆದರು. ಇವಳು ಬರಿಗಾಲಲ್ಲೇ ಓಡಿದಳು. ಕೊನೆಯಲ್ಲಿ ಇವಳೂ ಬೇರೆ ಶಾಲೆಯ ಒಬ್ಬ ಹುಡುಗಿಯೂ ಒಟ್ಟಿಗೇ ಬಂದರು. ಎರಡು ಸ್ಟಾಪ್‌ವಾಚಿನಲ್ಲೂ 14.3 ಸೆಕೆಂಡು. ಐದು ನಿಮಿಷ ಅವರವರೇ ಮಾತಾಡಿಕೊಂಡು ಆ ಹುಡುಗಿಗೆ ಮೊದಲ ಸ್ಥಾನ ಕೊಟ್ಟರು.

ನಾನು ಕಣ್ಣಾರೆ ನೋಡಿದ್ದೇನೆ, ನನ್ನ ಮಗಳ ಕಾಲು ಮೊದಲು ಗೆರೆ ದಾಟಿತು. ಹೋಗಿ ಕೇಳಿದರೆ "ಕಾಲು ಲೆಕ್ಕಕ್ಕೆ ಬರಲ್ಲ ಮೇಡಂ" ಅಂತ ಒಂದೇ ಮಾತು ಹೇಳಿ ಮುಂದಿನ ಓಟಕ್ಕೆ ಹೋದರು. ಓಡುವುದೇ ಕಾಲಲ್ಲಿ. ಅದೇ ಲೆಕ್ಕಕ್ಕೆ ಬರಲ್ಲ ಅಂದರೆ ಹೇಗೆ?

ಇಬ್ಬರೂ ತಾಲ್ಲೂಕು ಮಟ್ಟಕ್ಕೆ ಆಯ್ಕೆ ಆಗಿದ್ದಾರೆ, ಇನ್ನು ಎರಡು ವಾರ ಇದೆ. ಇವಳು ಮಾತ್ರ "ನಾನು ಓಡಲ್ಲ" ಅಂತ ಕೂತಿದ್ದಾಳೆ. ಸಮಾಧಾನ ಆಗಲಿ ಅಂತ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಹೆಂಗಸರ 100 ಮೀಟರ್ ಓಟ ಮೊಬೈಲಲ್ಲಿ ತೋರಿಸಿದೆ. ದ್ಯುತಿ ಚಂದ್‌ಗೆ ಬೆಳ್ಳಿ ಬಂದ ಓಟ. ನೋಡಿ ಮುಗಿಸಿ, "ಅವರಿಗೂ ಯಾರೋ ಸುಮ್ನೆ ಎರಡನೇ ಸ್ಥಾನ ಕೊಟ್ಟರಾ ಅಮ್ಮ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಹಾಸನದ ಕಿರಣ:

ಎದೆ ಲೆಕ್ಕ ಅಕ್ಕ. ತಲೆ, ಕೈ, ಕಾಲು ಯಾವುದೂ ಅಲ್ಲ. ಒಲಿಂಪಿಕ್ಸ್‌ನಲ್ಲೂ ಹಾಗೇ. ಪೂರ್ತಿ ವಿವರ ಮೇಷ್ಟ್ರು ಹೇಳುತ್ತಾರೆ, ಅವರು ಇಲ್ಲೇ ಇರುತ್ತಾರೆ.

ನಿವೃತ್ತ ಪಿ.ಟಿ. ಮೇಷ್ಟ್ರು, ಹಾಸನ:

ಅಮ್ಮಾ, ಮೊದಲು ಮಗುವಿನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ದ್ಯುತಿ ಚಂದ್‌ಗೆ ಯಾರೂ ಸುಮ್ನೆ ಎರಡನೇ ಸ್ಥಾನ ಕೊಡಲಿಲ್ಲ. ಅಂದು ಬಹ್ರೇನ್‌ನ ಎಡಿಡಿಯಾಂಗ್ ಒಡಿಯಾಂಗ್ 11.30 ಸೆಕೆಂಡು, ದ್ಯುತಿ 11.32, ಚೀನಾದ ವೇ ಯೊಂಗ್ಲಿ 11.33. ಆ ವೇಗದಲ್ಲಿ ಸೆಕೆಂಡಿನ ನೂರರಲ್ಲಿ ಎರಡು ಪಾಲು ಅಂದರೆ ನೆಲದ ಮೇಲೆ ಹತ್ತಿರ ಹತ್ತಿರ ಒಂದು ಗೇಣು. ಚಿನ್ನಕ್ಕೂ ಬೆಳ್ಳಿಗೂ ಒಂದು ಗೇಣು, ಬೆಳ್ಳಿಗೂ ಕಂಚಿಗೂ ಅರ್ಧ ಗೇಣು. 1986ರಲ್ಲಿ ಪಿ.ಟಿ. ಉಷಾ ಸೋಲ್‌ನಲ್ಲಿ ಗೆದ್ದಿದ್ದ ಬೆಳ್ಳಿಯ ಮೇಲೆ ಏಷ್ಯನ್ ಗೇಮ್ಸ್‌ನ ಈ ಓಟದಲ್ಲಿ ನಮಗೆ ಬಂದ ಬೆಳ್ಳಿ ಅದು. 32 ವರ್ಷ ಕಾದಿದ್ದೆವು. ಅರ್ಧ ಗೇಣು ಹಿಂದೆ ಬಿದ್ದಿದ್ದರೆ ಅದೂ ಕೈ ತಪ್ಪುತ್ತಿತ್ತು.

ಇನ್ನು ಕಾಲಿನ ವಿಷಯ. ಕುತ್ತಿಗೆಯಿಂದ ಕೆಳಗೆ ಸೊಂಟದವರೆಗಿನ ಮೈ ಇದೆಯಲ್ಲ, ಆ ಮುಂಡದ ಯಾವುದಾದರೂ ಭಾಗ ಗೆರೆಯ ಅಂಚಿಗೆ ಬಂದ ಕ್ಷಣವೇ ಓಟ ಮುಗಿದ ಕ್ಷಣ. ಅಂಚು ಅಂದರೆ ಓಡಿ ಬರುವವರ ಕಡೆಗಿರುವ ಅಂಚು. ಕೆಲವು ಕಡೆ ಎದೆಯ ಎತ್ತರಕ್ಕೆ ಉಲ್ಲನ್ ದಾರ ಹಿಡಿಯುತ್ತಾರೆ. ಅದು ಕಣ್ಣಿಗೆ ಸಹಾಯ ಅಷ್ಟೆ. ತೀರ್ಮಾನ ನೆಲದ ಗೆರೆಯ ಮೇಲೆ. ಕಾಲನ್ನು ಯಾಕೆ ಬಿಟ್ಟರು ಅಂದರೆ, ಕಾಲು ಪ್ರತಿ ಹೆಜ್ಜೆಗೂ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಕೈಯೂ ಹಾಗೇ. ಒಂದೇ ಸಮನೆ ಮುಂದೆ ಬರುವುದು ಮೈ ಮಾತ್ರ.

ದೊಡ್ಡ ಕೂಟಗಳಲ್ಲಿ ಇದನ್ನು ಕಣ್ಣಳತೆಗೆ ಬಿಡುವುದಿಲ್ಲ. ಫೋಟೋ ಫಿನಿಶ್ ಕ್ಯಾಮೆರಾ ಗೆರೆಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಸೀಳಿನಿಂದ ಅದೊಂದೇ ಜಾಗವನ್ನು ಸೆಕೆಂಡಿಗೆ ಸಾವಿರಾರು ಸಲ ಹಿಡಿದು, ಆ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸುತ್ತದೆ. ಅದಕ್ಕೇ ಆ ಚಿತ್ರದಲ್ಲಿ ಕಾಲುಗಳು ವಿಚಿತ್ರವಾಗಿ ಎಳೆದ ಹಾಗೆ ಕಾಣುತ್ತವೆ. ತೀರ್ಪುಗಾರರು ಆ ಚಿತ್ರದ ಮೇಲೆ ಒಂದು ಗೆರೆ ಇಟ್ಟು, ಒಬ್ಬೊಬ್ಬರ ಎದೆಗೂ ತಾಗಿಸಿ ಸಮಯ ಓದುತ್ತಾರೆ.

ನಮ್ಮ ಹೋಬಳಿ ಮೈದಾನದಲ್ಲಿ ಇರುವುದು ಕೈಯಲ್ಲಿ ಒತ್ತುವ ವಾಚು. ಅದರ ಸಮಯವನ್ನು ಯಾವಾಗಲೂ ಮೇಲಿನ ಹತ್ತನೇ ಪಾಲಿಗೆ ಏರಿಸಿ ಬರೆಯಬೇಕು. 14.21 ಬಂದರೂ 14.3, 14.30 ಬಂದರೂ 14.3. ಮಗಳ ವೇಗದಲ್ಲಿ ನೂರರಲ್ಲಿ ಒಂದು ಪಾಲು ಅಂದರೆ ನಾಲ್ಕು ಬೆರಳಗಲ. ಹಾಗಾಗಿ ಇಬ್ಬರಿಗೂ 14.3 ಬಂದಿದ್ದರೂ ನಡುವೆ ಹತ್ತಿರ ಹತ್ತಿರ ಒಂದೂವರೆ ಮೊಳ ಅಂತರ ಇರಬಹುದು. ವಾಚಿನಲ್ಲಿ ಸಮ ಬಂದರೆ ಸ್ಥಾನವೂ ಸಮ ಅಂತಲ್ಲ. ಸ್ಥಾನವನ್ನು ಗೆರೆಯ ನೇರಕ್ಕೆ ನಿಂತ ತೀರ್ಪುಗಾರರ ಕಣ್ಣು ಹೇಳಬೇಕು.

ಇನ್ನೊಂದು ಮಾತು. ಓಟ ಬಿಟ್ಟಿದ್ದು ವಿಸಿಲ್‌ನಲ್ಲಾ? ಶಬ್ದ 100 ಮೀಟರ್ ದಾಟಿ ಬರಲು ಸುಮಾರು 0.3 ಸೆಕೆಂಡು ಬೇಕು. ಗೆರೆಯ ಹತ್ತಿರ ನಿಂತವರು ವಿಸಿಲ್ ಕೇಳಿಸಿದ ಮೇಲೆ ವಾಚು ಒತ್ತಿದರೆ ಅಷ್ಟು ಸಮಯ ಕಡಿಮೆ ತೋರಿಸುತ್ತದೆ. ಅದಕ್ಕೇ ಗನ್ನಿನ ಹೊಗೆ ನೋಡಿ, ಇಲ್ಲದಿದ್ದರೆ ಹಲಗೆಯ ಕ್ಲಾಪರ್ ಮುಚ್ಚುವುದನ್ನು ನೋಡಿ ಒತ್ತಿ ಅಂತ ನಾನು 31 ವರ್ಷ ಹೇಳಿಕೊಟ್ಟಿದ್ದೇನೆ. ಒಲಿಂಪಿಕ್ಸ್‌ನಲ್ಲಿ ಪ್ರತಿ ಓಟಗಾರ್ತಿಯ ಬೆನ್ನ ಹಿಂದೆಯೇ ಒಂದು ಸ್ಪೀಕರ್ ಇಟ್ಟಿರುತ್ತಾರೆ, ಎಲ್ಲರಿಗೂ ಒಟ್ಟಿಗೇ ಕೇಳಿಸಲಿ ಅಂತ. ಆದ್ದರಿಂದ ಆ 14.3 ಅನ್ನು ಮಗು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ.

ನೀವು ನಿಂತಿದ್ದು ಎಲ್ಲಿ, ಅಮ್ಮಾ? ಇದು ಮುಖ್ಯ. ಗೆರೆಗಿಂತ ನಾಲ್ಕು ಹೆಜ್ಜೆ ಆಚೆ ಈಚೆ ನಿಂತರೂ ನಮ್ಮ ಕಣ್ಣು ತಪ್ಪು ಹೇಳುತ್ತದೆ.

ಅರಸೀಕೆರೆ ಓಟಗಾರ್ತಿ:

ನಾನು ಕಾಲೇಜಿನವರೆಗೂ 200 ಮೀಟರ್ ಓಡಿದವಳು. ನಿಮ್ಮ ಮಗಳು ಅಳುವುದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ದೊಡ್ಡ ಅಂತರದಲ್ಲಿ ಸೋತರೆ ಊಟ ಸೇರುತ್ತದೆ, ಬೆರಳಗಲದಲ್ಲಿ ಸೋತರೆ ಸೇರುವುದಿಲ್ಲ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಉಷಾ ಕಥೆ ಎಲ್ಲರಿಗೂ ಗೊತ್ತು. 400 ಮೀಟರ್ ಹರ್ಡಲ್ಸ್‌ನಲ್ಲಿ ಉಷಾ 55.42, ಕಂಚು ಗೆದ್ದ ರೊಮೇನಿಯಾದವರು 55.41. ನಾನು ಆ ಹುಡುಗಿಗೆ ಹೇಳಬೇಕು ಅಂದುಕೊಂಡಿರುವುದು ಮೆರ್ಲಿನ್ ಒಟ್ಟಿ ಅವರ ವಿಷಯ. ಜಮೈಕಾದವರು. 1993ರಲ್ಲಿ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಶಿಪ್‌ನ 100 ಮೀಟರ್ ಫೈನಲ್. ಅಮೆರಿಕದ ಗೇಲ್ ಡೀವರ್ಸ್‌ಗೂ ಒಟ್ಟಿಗೂ ಬೋರ್ಡಿನಲ್ಲಿ ಒಂದೇ ಸಮಯ, 10.82. ಚಿತ್ರವನ್ನು ಇನ್ನೂ ಸೂಕ್ಷ್ಮವಾಗಿ ಓದಿ ಡೀವರ್ಸ್‌ಗೆ ಚಿನ್ನ ಕೊಟ್ಟರು. ಮೂರು ವರ್ಷದ ನಂತರ ಅಟ್ಲಾಂಟಾ ಒಲಿಂಪಿಕ್ಸ್, ಮತ್ತೆ ಅದೇ ಇಬ್ಬರು. ಮತ್ತೆ ಇಬ್ಬರಿಗೂ ಒಂದೇ ಸಮಯ, 10.94. ಮತ್ತೆ ಡೀವರ್ಸ್‌ಗೇ ಚಿನ್ನ. ಎರಡು ಸಲ! ನನಗೆ ಈಗಲೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆದರೆ ಸ್ಟುಟ್‌ಗಾರ್ಟ್‌ನಲ್ಲಿ ಅವರು ಗಂಟು ಮೂಟೆ ಕಟ್ಟಿ ಹೊರಡಲಿಲ್ಲ. ಕೆಲವೇ ದಿನಕ್ಕೆ 200 ಮೀಟರ್ ಓಡಿ 21.98 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಎರಡನೆಯವರು 22.00. ಈ ಸಲ ಆ ಒಂದು ಗೇಣು ಅವರ ಕಡೆಗಿತ್ತು. ಒಲಿಂಪಿಕ್ಸ್‌ನಲ್ಲಿ ಒಟ್ಟು ಒಂಬತ್ತು ಪದಕ ಗೆದ್ದರು, ಅದರಲ್ಲಿ ಒಂದೂ ಚಿನ್ನ ಇಲ್ಲ. ಆದರೂ 1980ರಿಂದ 2004ರವರೆಗೆ ಏಳು ಒಲಿಂಪಿಕ್ಸ್ ಓಡಿದರು. ಕೊನೆಯದನ್ನು ಸ್ಲೊವೇನಿಯಾ ಪರವಾಗಿ ಓಡುವಾಗ ಅವರಿಗೆ 44 ವರ್ಷ.

ಬರಿಗಾಲು ಅಂದಿರಲ್ಲ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹೆಂಗಸರ 100 ಮೀಟರ್ ಫೈನಲ್ ತೋರಿಸಿ. ಅಲ್ಲೂ ಮಳೆ, ಟ್ರ್ಯಾಕ್ ಎಲ್ಲ ಒದ್ದೆ. ಸೇಂಟ್ ಲೂಸಿಯಾದ ಜೂಲಿಯನ್ ಆಲ್ಫ್ರೆಡ್ 10.72ರಲ್ಲಿ ಗೆದ್ದರು. ಎರಡನೆಯವರು 10.87, ಮೂರು ಮೊಳಕ್ಕೂ ಜಾಸ್ತಿ ಅಂತರ. ಗೆದ್ದವರು ಯಾರು ಅಂತ ತಿಳಿಯಲು ಚಿತ್ರ ನೋಡುವ ಅಗತ್ಯವೇ ಇರಲಿಲ್ಲ. ಆ ದೇಶದಲ್ಲಿ ಎರಡು ಲಕ್ಷ ಜನವೂ ಇಲ್ಲ, ಅವರಿಗೆ ಅದೇ ಮೊದಲ ಒಲಿಂಪಿಕ್ ಪದಕ. ಚಿಕ್ಕವಳಿದ್ದಾಗ ಶೂ ಇಲ್ಲದೆ ಬರಿಗಾಲಲ್ಲಿ, ಶಾಲೆಯ ಯೂನಿಫಾರ್ಮಿನಲ್ಲೇ ಓಡುತ್ತಿದ್ದೆ ಅಂತ ಅವರು ಗೆದ್ದ ಮೇಲೆ ಹೇಳಿದ್ದರು. ಹನ್ನೆರಡು ವರ್ಷಕ್ಕೆ ಅಪ್ಪ ತೀರಿಕೊಂಡಾಗ ಓಟವನ್ನೇ ಬಿಟ್ಟಿದ್ದರಂತೆ. ಕೋಚ್ ಮತ್ತೆ ಕರೆತಂದರು.

ಹಾಸನದ ಕಿರಣ:

ನಿಮ್ಮ ಜಿಲ್ಲೆಯವರೇ ಆದ ರಕ್ಷಿತಾ ರಾಜು ಅವರ ಓಟವನ್ನೂ ತೋರಿಸಿ ಅಕ್ಕ. ಕಣ್ಣು ಕಾಣದವರ 1500 ಮೀಟರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು. ಪಕ್ಕದಲ್ಲಿ ಗೈಡ್ ಇರುತ್ತಾರೆ, ಇಬ್ಬರ ಕೈಗೂ ಒಂದು ದಾರ. ಅಲ್ಲಿ ಗೈಡ್ ಓಟಗಾರ್ತಿಗಿಂತ ಮೊದಲು ಗೆರೆ ದಾಟುವ ಹಾಗಿಲ್ಲ, ದಾಟಿದರೆ ಆ ಓಟಗಾರ್ತಿಯನ್ನೇ ಅನರ್ಹ ಮಾಡುತ್ತಾರೆ.

ತೋಟದಮನೆ ಅಮ್ಮ:

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ನೀವು ಕೇಳಿದಿರಲ್ಲ. ನಾನು ಮಳೆಗೆ ಶಾಮಿಯಾನದ ಕೆಳಗೆ ನಿಂತಿದ್ದೆ. ಗೆರೆಯಿಂದ ಹತ್ತು ಹೆಜ್ಜೆ ಮುಂದೆ, ನನ್ನ ಮಗಳು ಓಡುತ್ತಿದ್ದ ಬದಿಗೇ. ಅಂದರೆ ನನಗೆ ಸರಿಯಾಗಿ ಕಾಣಿಸಿಲ್ಲ, ಅಲ್ವಾ? ಆ ತೀರ್ಪುಗಾರರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಇಷ್ಟನ್ನು ಅವರೇ ಮಗುವಿಗೆ ಎರಡು ನಿಮಿಷ ಹೇಳಿದ್ದರೆ ಅವಳು ಅಷ್ಟು ಅಳುತ್ತಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ನೀವು ಬರೆದದ್ದನ್ನೆಲ್ಲ ರಾತ್ರಿ ಅವಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕೊನೆಯಲ್ಲಿ ಚರಂಡಿ ಹಾರುವ ಹಾಗೆ ಕಾಲು ಚಾಚಿದೆ ಅಮ್ಮ. ಪಕ್ಕಕ್ಕೂ ನೋಡಿದೆ" ಅಂದಳು. ಒಟ್ಟಿ ಅವರ ಎರಡು ಓಟವನ್ನೂ ಹುಡುಕಿಸಿ ಮೂರು ಮೂರು ಸಲ ನೋಡಿದಳು.

ನಿವೃತ್ತ ಪಿ.ಟಿ. ಮೇಷ್ಟ್ರು, ಹಾಸನ:

ಅಲ್ಲಿಗೆ ಗೊತ್ತಾಯಿತಲ್ಲ ಅಮ್ಮಾ. ಹಾರಿದರೆ ಕಾಲು ಮುಂದೆ ಹೋಗುತ್ತದೆ, ಎದೆ ಹಿಂದೆ ಉಳಿಯುತ್ತದೆ. ಗಾಳಿಯಲ್ಲಿ ಇರುವಷ್ಟು ಹೊತ್ತು ನೆಲ ಒದೆಯಲು ಆಗದು, ವೇಗವೂ ಇಳಿಯುತ್ತದೆ. ನಿಮ್ಮ ಕಣ್ಣು ನೋಡಿದ್ದು ನಿಜ, ಅವಳ ಕಾಲು ಮೊದಲು ದಾಟಿರಬಹುದು. ಎದೆ ಆ ಹುಡುಗಿಯದು ಮೊದಲು.

ಟಿವಿಯಲ್ಲಿ ನೋಡಿ ಕೊನೆಗೆ ಎದೆ ಬಗ್ಗಿಸುವುದನ್ನು ಎರಡು ವಾರದಲ್ಲಿ ಕಲಿಸಲು ಹೋಗಬೇಡಿ. ಬೇಗ ಬಗ್ಗಿದರೆ ಓಟ ಕೆಡುತ್ತದೆ, ಒದ್ದೆ ನೆಲದಲ್ಲಿ ಮುಗ್ಗರಿಸಿ ಬೀಳುತ್ತಾರೆ. ಅದರ ಬದಲು 110 ಮೀಟರ್‌ಗೆ ಒಂದು ಗುರುತು ಮಾಡಿ, ಅಲ್ಲಿಯವರೆಗೆ ನೇರ ನೋಡುತ್ತಾ ಓಡಲಿ. 100ರ ಗೆರೆ ಅವಳ ಪಾಲಿಗೆ ಇಲ್ಲವೇ ಇಲ್ಲ ಅಂದುಕೊಳ್ಳಲಿ. ದಿನಕ್ಕೆ ನಾಲ್ಕು ಸಲ ಸಾಕು, ನಡುವೆ ಚೆನ್ನಾಗಿ ಸುಧಾರಿಸಿಕೊಳ್ಳಲಿ.

ತೋಟದಮನೆ ಅಮ್ಮ:

ಮೇಷ್ಟ್ರೇ, ನಿನ್ನೆ ಸಂಜೆ ಮಳೆ ಬಿಟ್ಟಾಗ ಕಾಫಿ ಗಿಡದ ಗುಂಡಿ ಅಳೆಯುವ ಟೇಪು ತಗೊಂಡು ಹೋಗಿ ತೋಟದ ದಾರಿಯಲ್ಲಿ 100 ಮೀಟರ್ ಅಳೆದೆವು. ಅಲ್ಲಿಗೆ ಸುಣ್ಣದ ಗೆರೆ, 110ಕ್ಕೆ ಒಂದು ಸಿಲ್ವರ್ ಓಕ್ ಮರ ಸಿಕ್ಕಿತು. ಆ ಮರವನ್ನೇ ನೋಡಿಕೊಂಡು ನಾಲ್ಕು ಸಲ ಓಡಿದಳು. ಈ ಸಲ ನಾನು ಸರಿಯಾಗಿ ಗೆರೆಯ ನೇರಕ್ಕೇ ನಿಂತಿದ್ದೆ. ಮನೆಗೆ ಬಂದು ನೋಡಿದರೆ ಹಿಮ್ಮಡಿಯ ಹತ್ತಿರ ಎರಡು ಜಿಗಣೆ. ಅವಳಿಗೆ ಗೊತ್ತೇ ಆಗಿರಲಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಆ ದಿನವೂ ಮಳೆ ಇದ್ದರೆ ಬರಿಗಾಲೇ ವಾಸಿಯಾ, ಕ್ಯಾನ್ವಾಸ್ ಶೂ ಹಾಕಿಸಲಾ?

ನಿವೃತ್ತ ಪಿ.ಟಿ. ಮೇಷ್ಟ್ರು, ಹಾಸನ:

ಕ್ಯಾನ್ವಾಸ್ ಶೂ ಅಡಿ ನುಣುಪು, ಒದ್ದೆ ಮಣ್ಣಿನಲ್ಲಿ ಜಾರುತ್ತದೆ. ರೂಢಿ ಇರುವವಳಿಗೆ ಬರಿಗಾಲೇ ವಾಸಿ. ಅರ್ಧ ಗಂಟೆ ಮೊದಲೇ ಹೋಗಿ, ಅವಳ ಲೇನಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಸಿ. ಕಲ್ಲು, ಗಾಜಿನ ಚೂರು ಇದ್ದರೆ ಹೆಕ್ಕಿಬಿಡಿ. ಪಕ್ಕದ ಲೇನಿನದೂ ಹೆಕ್ಕಿ.