ಅತ್ತೆಗೆ ಮರೆವಿನ ಕಾಯಿಲೆ. ಬ್ಯಾಂಕಲ್ಲಿ ಸಹಿ ಕೂಡ್ತಿಲ್ಲ, ಸಂಜೆಯಾದ್ರೆ ಬ್ಯಾಗ್ ತುಂಬ್ತಾರೆ. ಮೊದಲು ಯಾವುದನ್ನ ಹಿಡ್ಕೊಳ್ಳಲಿ?

ಕೊಬ್ಬರಿ ಮನೆ ಸೊಸೆ, ತಿಪಟೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮತ್ತೆಗೆ 78. ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ನಮ್ಮ ಬೀದೀಲಿ ಅರ್ಧ ಜನಕ್ಕೆ ಮಗ್ಗಿ ಹೇಳಿಕೊಟ್ಟಿದ್ದು ಅವರೇ. ಈಗ ಸೊಪ್ಪಿನ ಗಾಡಿಯವನು ನಿಂತು "ಚೆನ್ನಾಗಿದೀರಾ ಮಿಸ್" ಅಂದ್ರೆ ಅವನನ್ನ ದೊಡ್ಡ ಮಗ ಅಂದ್ಕೊಂಡು "ಮೋಡ ಆಗಿದೆ, ಕೊಬ್ಬರಿ ಒಳಗೆ ಹಾಕಿದ್ಯೇನೋ" ಅಂತ ಕೇಳ್ತಾರೆ. ತುಮಕೂರಲ್ಲಿ ನರರೋಗದ ಡಾಕ್ಟ್ರು ಸ್ಕ್ಯಾನ್ ನೋಡಿ ಡಿಮೆನ್ಶಿಯಾ ಅಂದ್ರು, ಒಂದು ಮಾತ್ರೆ ಬರೆದ್ರು, "ವಯಸ್ಸಾಯ್ತಲ್ಲ, ಚೆನ್ನಾಗಿ ನೋಡ್ಕೊಳ್ಳಿ" ಅಂದ್ರು. ಹೇಗೆ ನೋಡ್ಕೊಳ್ಳೋದು ಅನ್ನೋದನ್ನ ಚೀಟೀಲಿ ಬರೆದಿರಲಿಲ್ಲ.

ಹಗಲು ಹೇಗೋ ಆಗುತ್ತೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಶುರು. ಎರಡು ಸೀರೆ, ಒಂದು ಪಂಚಾಂಗ, ಕೈಗೆ ಸಿಕ್ಕಿದ ಟಿವಿ ರಿಮೋಟು, ಎಲ್ಲ ಬ್ಯಾಗಿಗೆ ತುಂಬ್ಕೊಂಡು "ನಾನು ಮನೆಗೆ ಹೋಗ್ಬೇಕು, ಅಪ್ಪ ಕಾಯ್ತಿರ್ತಾರೆ" ಅಂತ ಬಾಗಿಲ ಹತ್ರ ನಿಲ್ತಾರೆ. ಅವರಪ್ಪ ಹೋಗಿ ನಲವತ್ತು ವರ್ಷದ ಮೇಲಾಯ್ತು. ರಾತ್ರಿ ಅಟ್ಟದ ಮೇಲೆ ಇಲಿ ಓಡಾಡಿ ಕಾಯಿ ಉರುಳಿದ್ರೆ ಕಳ್ಳರು ಬಂದ್ರು ಅಂತ ಎದ್ದು ಕೂರ್ತಾರೆ. (ತಿಪಟೂರು ಕಡೆಯವರಿಗೆ ಗೊತ್ತು, ಅಟ್ಟದ ಮೇಲೆ ವರ್ಷಗಟ್ಟಲೆ ಕಾಯಿ ಒಣಗ್ತಾ ಇರುತ್ತೆ. ಅದನ್ನ ಖಾಲಿ ಮಾಡಿ ಅಂದ್ರೆ ವ್ಯಾಪಾರ ನಿಲ್ಸಿ ಅಂದ ಹಾಗೆ.) ಈಗ ಒಂದು ವಾರದಿಂದ ಜಾಸ್ತಿ ಆಗಿದೆ. ನನ್ನನ್ನೇ "ನೀನು ಯಾರಮ್ಮ, ಯಾರು ಕಳಿಸಿದ್ದು" ಅಂತಾರೆ. ಸ್ನಾನ ಅಂದ್ರೆ ಕೈ ಎತ್ತುತ್ತಾರೆ.

ಇನ್ನು ದುಡ್ಡಿನ ವಿಷಯ. ಪೆನ್ಷನ್ ಅವರ ಒಬ್ಬರ ಹೆಸರಿನ ಖಾತೆಗೆ ಬರುತ್ತೆ. ಸಹಿ ಹೋದ ತಿಂಗಳು ಎರಡು ಸಲ ಕೂಡಲಿಲ್ಲ, ಬ್ಯಾಂಕಲ್ಲಿ ವಾಪಸ್ ಕಳ್ಸಿದ್ರು. ಬೆಂಗಳೂರಲ್ಲಿರೋ ಮೈದುನ ಫೋನಲ್ಲಿ "ಅತ್ತಿಗೆ, ಒಂದು ಜಿಪಿಎ ಮಾಡಿಸಿಬಿಡಿ, ಎಲ್ಲ ಸಲೀಸು" ಅಂತಾರೆ. (ಜಿಪಿಎ ಅಂದ್ರೆ ಅವರ ಪರವಾಗಿ ಸಹಿ, ವ್ಯವಹಾರ ಮಾಡೋಕೆ ಅವರೇ ಬರೆದುಕೊಡೋ ಅಧಿಕಾರ ಪತ್ರ.) ನಾದಿನಿ ಅದನ್ನ ಕೇಳಿ "ಮನೆ ಬರೆಸ್ಕೊಳ್ಳೋಕೆ ದಾರಿ ಮಾಡ್ಕೊಳ್ತಿದಾರೆ" ಅಂತ ಚಿಕ್ಕಮ್ಮನ ಹತ್ರ ಹೇಳಿದ್ದಾಳಂತೆ. ನಮ್ಮನೆಯವರು ಕೊಬ್ಬರಿ ಮಂಡಿಗೆ ಹೋದ್ರೆ ಬರೋದು ರಾತ್ರಿ ಎಂಟು. ಅವರು ಯಾವ ಕಡೆಗೂ ಮಾತಾಡಲ್ಲ.

ನನಗೆ ಬೇಕಿರೋದು ಸಹಾನುಭೂತಿ ಅಲ್ಲ, ದಾರಿ. ಖಾತೆಗೆ ಏನು ಮಾಡ್ಬೇಕು? ಸಂಜೆಗೆ ಏನು ಮಾಡ್ಬೇಕು? ನನ್ನ ತವರಲ್ಲಿ ತಮ್ಮನ ಮಗಳ ಮದುವೆ ಇದೆ, ಒಂದು ವಾರ ಇವರನ್ನ ಯಾರಾದ್ರೂ ನೋಡ್ಕೊಳ್ಳೋ ವ್ಯವಸ್ಥೆ ಕರ್ನಾಟಕದಲ್ಲಿ ಎಲ್ಲಾದ್ರೂ ಇದೆಯಾ?

ಹಳೇ ಮ್ಯಾನೇಜರ್, ಮೈಸೂರು

ನೋಡಿಯಮ್ಮ, ಬ್ಯಾಂಕಿನಲ್ಲೇ ತಲೆ ನರೆಸಿಕೊಂಡವನು ನಾನು. ದುಡ್ಡಿನ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಜಿಪಿಎ ಸಲಹೆ ಎಲ್ಲ ಮನೆಗಳಲ್ಲೂ ಬರುತ್ತದೆ, ಕೊಡುವವರು ಕಾಯ್ದೆ ಓದಿರುವುದಿಲ್ಲ. 1872ರ ಕಾಂಟ್ರ್ಯಾಕ್ಟ್ ಆಕ್ಟ್‌ನ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕೊಟ್ಟ ಅಧಿಕಾರವೂ ಅಲ್ಲಿಗೇ ಮುಗಿಯಿತು. ಅಂದರೆ ನಿಮಗೆ ಅದು ಬೇಕಾಗುವ ಹೊತ್ತಿಗೆ ಅದು ಬರೀ ಸ್ಟಾಂಪ್ ಪೇಪರ್. ಈಗ ಬರೆಸಿದರೂ "ಅಂದು ಅವರಿಗೆ ತಿಳಿವಳಿಕೆ ಇತ್ತೇ" ಎಂದು ನಿಮ್ಮ ನಾದಿನಿಯೇ ಕೇಳಬಹುದು. ಕೇಳಿದರೆ ತಪ್ಪೂ ಅಲ್ಲ.

ಪಿಂಚಣಿ ತೆಗೆಯುವುದಕ್ಕೆ ಜಿಪಿಎ ಬೇಕಿಲ್ಲ. ಸಹಿ ಮಾಡಲಾಗದ ಪಿಂಚಣಿದಾರರು ಹೆಬ್ಬೆಟ್ಟು ಒತ್ತಬಹುದು. ಇಬ್ಬರು ಸಾಕ್ಷಿ ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಇದು ರಿಸರ್ವ್ ಬ್ಯಾಂಕಿನ ಸೂಚನೆ, ಮ್ಯಾನೇಜರ್ ದಯೆಯಲ್ಲ. 70 ದಾಟಿದವರಿಗೆ ಮನೆಬಾಗಿಲಿಗೆ ಮೂಲ ಸೇವೆ ಕೊಡಬೇಕೆಂದು 2017ರಲ್ಲೇ ಸುತ್ತೋಲೆ ಹೊರಟಿದೆ. ಕೌಂಟರಿನಲ್ಲಿ ವಾದ ಬೇಡ. ವೈದ್ಯರ ಚೀಟಿಯ ನಕಲು ಲಗತ್ತಿಸಿ, ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಬ್ಯಾಂಕಿನಲ್ಲಿ ತುಂಬ ಮರ್ಯಾದೆ.

ನವೆಂಬರ್‌ನ ಜೀವಿತ ಪ್ರಮಾಣಪತ್ರಕ್ಕೆ ಅವರನ್ನು ಎಳೆದುಕೊಂಡು ಹೋಗಬೇಡಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು 70 ರೂಪಾಯಿಗೆ ಮಾಡಿಕೊಡುತ್ತಾರೆ. ಬೆರಳಚ್ಚು ಸವೆದಿದ್ದರೆ ಮುಖ ತೋರಿಸಿಯೂ ಆಗುತ್ತದೆ. ನಿಮ್ಮ ಪಿಂಚಣಿ ಯಾವ ಖಜಾನೆಯದೋ ಅಲ್ಲಿ ಒಮ್ಮೆ ವಿಚಾರಿಸಿಕೊಂಡು ಮಾಡಿಸಿ.

ಮನೆಯ ವಿಷಯಕ್ಕೆ ಈಗ ಕೈ ಹಾಕಬೇಡಿ. ಆಸ್ತಿ ಮಾರುವುದೋ ದೊಡ್ಡ ಠೇವಣಿ ಒಡೆಯುವುದೋ ಅನಿವಾರ್ಯವಾದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಗಾರ್ಡಿಯನ್ (ಅವರ ಪರವಾಗಿ ನಿರ್ಧರಿಸುವ ಪೋಷಕರು) ಆಗಿ ನೇಮಕ ಮಾಡಿಸಿಕೊಳ್ಳಬೇಕು. ಖರ್ಚು, ತಡ ಎರಡೂ ಇದೆ, ಆದರೆ ಗಟ್ಟಿ ದಾರಿ ಅದೇ. ಅಲ್ಲಿಯವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಪಿಂಚಣಿ ಎಷ್ಟು ಬಂತು, ಔಷಧಿಗೆ ಎಷ್ಟು, ಡಯಾಪರ್‌ಗೆ ಎಷ್ಟು ಎಂದು ಬರೆದು, ತಿಂಗಳ ಕೊನೆಗೆ ಫೋಟೊ ತೆಗೆದು ಮೈದುನ, ನಾದಿನಿ ಇಬ್ಬರಿಗೂ ಕಳಿಸಿ. ಅವರು ಕೇಳುವ ಮೊದಲೇ ಕಳಿಸಿ.

ನರ್ಸಕ್ಕ, ಧಾರವಾಡ

ಅಕ್ಕಾರ, ನಿಮ್ಮ ಬರಹದಾಗ ನನಗ ಕಣ್ಣಿಗೆ ಬಿದ್ದಿದ್ದು ಒಂದ ಮಾತು. "ಒಂದು ವಾರದಿಂದ ಜಾಸ್ತಿ ಆಗಿದೆ." ಡಿಮೆನ್ಶಿಯಾ ಹಂಗ ವಾರದಾಗ ಜಿಗಿಯೂದಿಲ್ರಿ, ಅದು ತಿಂಗಳು ವರ್ಷದ ಲೆಕ್ಕದಾಗ ಇಳೀತದ. ನಾಕೈದು ದಿನದಾಗ ಒಮ್ಮೆಲೇ ಕೆಟ್ಟಿತು ಅಂದ್ರ ಮೈಯಾಗ ಬ್ಯಾರೆ ಏನೋ ಆಗೇತಿ ಅಂತ ತಿಳೀರಿ. ವಯಸ್ಸಾದ ಹೆಣ್ಣಮಕ್ಕಳಿಗೆ ಮೂತ್ರದ ಸೋಂಕು ಭಾಳ. ಜ್ವರ ಇರಂಗಿಲ್ಲ, ಉರಿ ಅಂತ ಹೇಳಾಕ ಅವ್ರಿಗೆ ಬರಂಗಿಲ್ಲ, ಬರೇ ತಲಿ ಕೆಟ್ಟಂಗ ಮಾಡ್ತಾರ. ನಾಳೆನ ಯೂರಿನ್ ಟೆಸ್ಟ್, ಸೋಡಿಯಂ, ಸಕ್ಕರಿ ಮಾಡಸ್ರಿ. ಹಿಂದ ಮಾಡಿಸಿಲ್ಲ ಅಂದ್ರ ಥೈರಾಯ್ಡ್, ಬಿ12 ಸೈತ. ಹೊಟ್ಟಿ ಕಟ್ಟೇತೇನು ನೋಡ್ರಿ. ಈ ನಡುವ ಯಾವುದರ ಹೊಸ ಗುಳಗಿ ಶುರು ಆಗೇತೇನು, ಬಿಪಿದು, ನೆಗಡಿದು, ಎಲ್ಲಾ ಒಂದ ಚೀಲದಾಗ ಹಾಕ್ಕೊಂಡ ಹೋಗಿ ಡಾಕ್ಟರ್ ಮುಂದ ಸುರೀರಿ. ನೆಗಡಿ ಸಿರಪ್ಪಿನಿಂದ ಮಂಕಾದ ಅಜ್ಜಿ ಅಜ್ಜಂದಿರನ್ನ ವಾರ್ಡಿನಾಗ ಭಾಳ ನೋಡೇನಿ.

ಮೆಡಿಕಲ್ ಅಂಗಡಿಯಾಗ ನಿದ್ದಿ ಗುಳಗಿ ಮಾತ್ರ ಕೇಳಬ್ಯಾಡ್ರಿ. ರಾತ್ರಿ ತೂಕಡಿಸ್ಕೋತ ಎದ್ದು ಬಚ್ಚಲದಾಗ ಬಿದ್ದು ಸೊಂಟ ಮುರಕೊಂಡ್ರ ಮುಂದಿನ ಕತಿ ಬ್ಯಾರೆನ ಆಗ್ತದ.

ಸಂಜಿಗೆ: ಕತ್ತಲಾಗೂಕಿಂತ ಮೊದಲ ಎಲ್ಲಾ ಲೈಟ್ ಹಚ್ಚಿಬಿಡ್ರಿ. ನೆರಳು ಬಿದ್ದಷ್ಟು ಅಂಜಿಕಿ ಜಾಸ್ತಿ. "ಇದ ನಿಮ್ಮ ಮನಿ, ನಿಮ್ಮಪ್ಪ ತೀರಕೊಂಡಾರ" ಅಂತ ಹೇಳಬ್ಯಾಡ್ರಿ. ಪ್ರತಿ ಸಲ ಹೇಳಿದಾಗೂ ಅವ್ರಿಗೆ ಅದು ಹೊಸ ಸುದ್ದಿ, ಪ್ರತಿ ಸಲ ಹೊಸ ಸಾವು. "ಹೋಗೂಣಂತ, ಅಪ್ಪಾರ ಏನ್ ಮಾಡ್ತಿದ್ರು ಹೇಳ್ರಿ" ಅನ್ರಿ, ಮಾತಿಗೆ ಕುಂಡ್ರಸ್ರಿ. ಟೀಚರ್ ಅಂದ್ರಲ್ಲ, ಹುಡುಗರ ಹಳೆ ನೋಟ್‌ಬುಕ್ಕು, ಒಂದ ಕೆಂಪು ಪೆನ್ನು ಕೊಟ್ಟು ತಿದ್ದಾಕ ಹೇಳ್ರಿ. ಚಿಲಕ ಅವ್ರ ಕಣ್ಣಿಗೆ ಬೀಳದಂಗ ಬಾಗಿಲದ ತೀರಾ ಮ್ಯಾಲೆ ಹಾಕಸ್ರಿ. ಆದ್ರ ಒಬ್ಬರನ್ನ ಒಳಗ ಬಿಟ್ಟು ಕೀಲಿ ಹಾಕ್ಕೊಂಡ ಹೋಗಬ್ಯಾಡ್ರಿ. ಕುಪ್ಪಸದ ಒಳ ಅಂಚಿಗೆ ನಿಮ್ಮ ಫೋನ್ ನಂಬರ್ ಬರೆದ ಪಟ್ಟಿ ಹೊಲೀರಿ.

ಮತ್ತ ನೀವು ಯಾವಾಗ ನಿದ್ದಿ ಮಾಡ್ತೀರಿ, ಅದನ್ನ ಬರೆದ ಇಲ್ಲ. 14416ಕ್ಕ ಫೋನ್ ಹಚ್ಚರಿ. ಟೆಲಿ ಮಾನಸ್ ಅಂತ ಮನಸ್ಸಿನ ಆರೋಗ್ಯದ ಸಹಾಯವಾಣಿ, 2022ರಾಗ ಶುರು ಆತು, ನಿಮ್ಹಾನ್ಸ್‌ನವ್ರು ಹಿಂದ ಅದಾರ. ಹಗಲು ರಾತ್ರಿ ಕನ್ನಡದಾಗ ಮಾತಾಡ್ತಾರ. ಅದು ರೋಗಿಗಷ್ಟ ಅಲ್ರಿ, ನೋಡಿಕೊಳ್ಳೂರಿಗೂ ಐತಿ.

ಸಂಸ್ಕಾರವಂತ

ಒಂದು ವಾರ ಮದುವೆಗೆ ಹೋಗಲು ಅತ್ತೆಯನ್ನು ಎಲ್ಲೋ ಬಿಟ್ಟು ಹೋಗುವ ಯೋಚನೆಯೇ? ನಮ್ಮ ಅಜ್ಜಿಯರು ಹಾಸಿಗೆ ಹಿಡಿದಾಗ ಮನೆಯವರೇ ಬಾಚಿ ತೊಳೆದರು. ಹಣ ಕೊಟ್ಟು ಪ್ರೀತಿ ಕೊಳ್ಳುವ ಕಾಲ ಬಂತು.

ಕೊಬ್ಬರಿ ಮನೆ ಸೊಸೆ, ತಿಪಟೂರು

ಸರ್, ನಿಮ್ಮ ಅಜ್ಜಿಯನ್ನ ಬಾಚಿ ತೊಳೆದಿದ್ದು ನೀವಾ, ನಿಮ್ಮ ಅಮ್ಮನಾ? ಮದುವೆ ಊಟದ ಮೆನು ಕಳಿಸ್ತೀನಿ, ನೀವು ಆ ವಾರ ತಿಪಟೂರಿಗೆ ಬನ್ನಿ. ಹಾಸಿಗೆ ರೆಡಿ ಇದೆ.

ಇನ್ನೊಬ್ಬರ ಮನೆ ಮೈದುನ, ಬೆಂಗಳೂರು

ಅಕ್ಕ, ಕಡೂರಲ್ಲಿ ನಮ್ಮ ತಂದೆಯನ್ನ ನೋಡ್ಕೊಳ್ಳೋದು ನಮ್ಮ ಅತ್ತಿಗೆ. ನಾನು ಇಲ್ಲಿ ಸಾಫ್ಟ್‌ವೇರ್. ನಿಮ್ಮ ಮೈದುನನಿಗೆ ಈ ಉತ್ತರ ನೇರವಾಗಿ ಫಾರ್ವರ್ಡ್ ಮಾಡಿ.

ಬೆಂಗಳೂರಲ್ಲಿ ಸ್ವಲ್ಪ ದಿನ ಇಟ್ಕೊಂಡು ನೋಡ್ಕೊಳ್ಳೋ ವ್ಯವಸ್ಥೆ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರದು ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗೇ ಅಂತ ಕೇಂದ್ರ ಇದೆ. ಪೊಲೀಸರ ಜೊತೆ ಸೇರಿ ಹಿರಿಯರ ಸಹಾಯವಾಣಿ 1090 ನಡೆಸೋದೂ ಅವರೇ. ಡಿಮೆನ್ಶಿಯಾ ಮನೆಯವರಿಗಾಗಿ ಎಆರ್‌ಡಿಎಸ್‌ಐ ಅಂತ ಸಂಸ್ಥೆ ಇದೆ, 1992ರಿಂದ, ಬೆಂಗಳೂರಲ್ಲೂ ಶಾಖೆ ಇದೆ. ನಿಮ್ಮ ಹತ್ತಿರ ಏನಿದೆ ಅಂತ ಕೇಳೋಕೆ ದೇಶಕ್ಕೆಲ್ಲ ಇರೋ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8, ಉಚಿತ. ಸರ್ಕಾರದ್ದು ಅಂದ್ರೆ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಂತ ನಿಮ್ಹಾನ್ಸ್ ಜೊತೆ 2022ರಲ್ಲಿ ಶುರು ಮಾಡಿದ್ರು, ಮೊದಲು ಜಯನಗರ, ಕೋಲಾರ, ಚಿಕ್ಕಬಳ್ಳಾಪುರ, ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೆ. ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಅಂತ ಕೇಳಿ.

ಆದ್ರೆ ನಿಜ ಹೇಳ್ಲಾ? ಒಂದು ವಾರಕ್ಕೆ ಅಂತ ಜಾಗ ಬದಲಿಸಿದ್ರೆ ಈ ಕಾಯಿಲೆಯವರು ಇನ್ನೂ ಗಾಬರಿ ಆಗ್ತಾರೆ. ಬಚ್ಚಲು ಎಲ್ಲಿ, ದೇವರ ಮನೆ ಎಲ್ಲಿ ಅಂತ ಕಾಲಿಗೆ ಗೊತ್ತಿರೋ ಮನೆ ಅದು. ಅದಕ್ಕೆ ನಮ್ಮನೇಲಿ ಅಪ್ಪನನ್ನ ಕರೆಸೋದಿಲ್ಲ, ನಾನೇ ಲ್ಯಾಪ್‌ಟಾಪ್ ಹಿಡ್ಕೊಂಡು ಕಡೂರಿಗೆ ಹೋಗ್ತೀನಿ, ಅತ್ತಿಗೆ ತವರಿಗೆ ಹೋಗ್ತಾರೆ. ಹೋಗೋಕೆ ಎರಡು ದಿನ ಮೊದಲೇ ನಾನು ಅಲ್ಲಿರ್ತೀನಿ, ಅವರು ಸ್ನಾನ ಮಾಡಿಸೋದು, ಊಟ ಮಾಡಿಸೋದು ನೋಡ್ಕೊಳ್ಳೋಕೆ. ತಿಂಗಳಿಗೆ ಹೋಂ ನರ್ಸ್ ಖರ್ಚು ನಂದು. ಹಳೇ ತೆರಿಗೆ ಪದ್ಧತಿಯಲ್ಲಿದ್ರೆ, ಇನ್ಶೂರೆನ್ಸ್ ಇಲ್ಲದ ಹಿರಿಯ ತಂದೆತಾಯಿಯ ವೈದ್ಯಕೀಯ ಖರ್ಚನ್ನ ತೆರಿಗೆ ಕಟ್ಟೋ ಆದಾಯದಲ್ಲಿ 50,000ದವರೆಗೆ ಕಳೆಯಬಹುದು. ನಿಮ್ಮ ಮೈದುನ ಸಲಹೆ ಕೊಡೋದು ಬಿಟ್ಟು ಔಷಧಿ ಬಿಲ್ ತಾನೇ ಕಟ್ಟಿ ಇದನ್ನ ತಗೊಳ್ಳಲಿ, ಅವನಿಗೂ ಲಾಭ.

ಏಜೆನ್ಸಿಯಿಂದ ಹುಡುಗಿ ಬೇಕಾದ್ರೆ "ಅಟೆಂಡರ್ ಸಾಕಾ, ಟ್ರೇನಿಂಗ್ ಆದ ನರ್ಸ್ ಬೇಕಾ" ಅಂತ ಮೊದಲು ನೀವೇ ತೀರ್ಮಾನ ಮಾಡ್ಕೊಳ್ಳಿ. ಇಂಜೆಕ್ಷನ್, ಟ್ಯೂಬ್ ಇಲ್ಲ ಅಂದ್ರೆ ಅಟೆಂಡರ್ ಸಾಕು, ದುಡ್ಡು ತುಂಬ ಕಡಿಮೆ. ಆಧಾರ್ ನಕಲು, ಪೊಲೀಸ್ ವೆರಿಫಿಕೇಷನ್, ರಜೆ ಹಾಕಿದ್ರೆ ಬದಲಿ ಯಾರು, ಇದೆಲ್ಲ ಬರಹದಲ್ಲಿ ತಗೊಳ್ಳಿ.

ಕೊಬ್ಬರಿ ಮನೆ ಸೊಸೆ, ತಿಪಟೂರು

ಎಲ್ಲರಿಗೂ ವಿಷಯ ಹೇಳ್ಬೇಕು. ಯೂರಿನ್ ಕ್ಲೀನ್ ಇತ್ತು. ಸೋಡಿಯಂ ಕಡಿಮೆ. ಬಿಪಿ ಮಾತ್ರೆ ಬದಲಾಯಿಸಿದ್ದು ನರ್ಸಕ್ಕ ಕೇಳೋವರೆಗೂ ನನಗೆ ನೆನಪೇ ಆಗಿರಲಿಲ್ಲ. ಡಾಕ್ಟ್ರು ಅದನ್ನ ನಿಲ್ಲಿಸಿ ಬೇರೆ ಕೊಟ್ರು, ಮತ್ತೆ ರಕ್ತ ತೋರಿಸೋಕೆ ಹೇಳಿದ್ದಾರೆ. ಈಗ ನನ್ನ ಹೆಸರು ಕರೀತಾರೆ. ಬ್ಯಾಗ್ ತುಂಬೋದು ನಿಂತಿಲ್ಲ, ಆದ್ರೆ ಕೆಂಪು ಪೆನ್ನು ಕೆಲಸ ಮಾಡಿದೆ. ಮಗನ ಎಂಟನೇ ಕ್ಲಾಸಿನ ಸಮಾಜ ನೋಟ್‌ಬುಕ್ಕಿಗೆ ಹತ್ತಕ್ಕೆ ಮೂರು ಕೊಟ್ಟು "ಅಕ್ಷರ ದುಂಡಾಗಿಲ್ಲ" ಅಂತ ಬರೆದಿದ್ದಾರೆ. ಸರಿಯಾಗೇ ಬರೆದಿದ್ದಾರೆ.

ಮ್ಯಾನೇಜರ್ ಸಾರ್, ಅರ್ಜಿಗೆ ಸೀಲು ಬಿತ್ತು, ಗುರುವಾರ ಮನೆಗೆ ಬರ್ತಾರಂತೆ. ಲೆಕ್ಕದ ಫೋಟೊ ಕಳಿಸಿದ್ಮೇಲೆ ನಾದಿನಿ "ಡಯಾಪರ್‌ಗೆ ಇಷ್ಟಾಗುತ್ತಾ" ಅಂತ ಫೋನ್ ಮಾಡಿದ್ಲು. ಆಗುತ್ತೆ ಕಣಮ್ಮ ಅಂದೆ. ಮದುವೆ ವಾರಕ್ಕೆ ಮೈದುನ ಇನ್ನೂ "ನೋಡ್ತೀನಿ ಅತ್ತಿಗೆ" ಅನ್ನೋದರಲ್ಲೇ ಇದಾರೆ. ಕಡೂರು ಉತ್ತರ ಫಾರ್ವರ್ಡ್ ಮಾಡಿದೀನಿ, ಎರಡು ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಅಷ್ಟರೊಳಗೆ 14567ಕ್ಕೂ ಮಾಡಿ ಕೇಳ್ತೀನಿ.

ನರ್ಸಕ್ಕ, ಸ್ನಾನದ್ದು ಹೇಳಲಿಲ್ಲ ನೀವು.

ನರ್ಸಕ್ಕ, ಧಾರವಾಡ

ಸೋಡಿಯಂ ಕೇಳಿ ಸಮಾಧಾನ ಆತು. ಡಾಕ್ಟರ್ ಹೇಳಿದ ದಿನ ರಕ್ತ ತೋರಸೂದು ತಪ್ಪಸಬ್ಯಾಡ್ರಿ.

ಸ್ನಾನ: ದಿನಾ ಬೇಕಂತೇನಿಲ್ರಿ, ವಾರಕ್ಕ ಎರಡ ಮೂರ ಸಲ ಸಾಕು, ಉಳದ ದಿನ ಬಿಸಿನೀರಾಗ ಅದ್ದಿದ ಬಟ್ಟಿಲೇ ಒರಸ್ರಿ. "ಸ್ನಾನ" ಅಂತ ಘೋಷಣಾ ಮಾಡಬ್ಯಾಡ್ರಿ, ಎಣ್ಣಿ ಹಚ್ಚತೀನಿ ಬರ್ರಿ ಅಂತ ಕರಕೊಂಡ ಹೋಗ್ರಿ. ಅವ್ರ ಮೈಮ್ಯಾಲಿನ ಬಟ್ಟಿ ಒಮ್ಮೆಲೇ ತಗೀಬ್ಯಾಡ್ರಿ, ನಾಚಿಕಿ ಇನ್ನೂ ಐತಿ ಅವ್ರಿಗೆ. ಹೆಗಲ ಮ್ಯಾಲೆ ದೊಡ್ಡ ಟವೆಲ್ ಹೊದಿಸಿ, ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕುಂಡ್ರಿಸಿ, ಕಾಲಿಂದ ಶುರು ಮಾಡ್ರಿ. ಚೊಂಬು ಅವ್ರ ಕೈಯಾಗ ಕೊಡ್ರಿ. ನೆತ್ತಿ ಮ್ಯಾಲೆ ನೀರು ಸುರದ್ರ ಅಂಜತಾರ, ತಲಿ ಸ್ನಾನ ಬ್ಯಾರೆ ದಿನ ಇಟ್ಕೋರಿ. ಬಚ್ಚಲದಾಗ ಹಿಡಕೊಳ್ಳಾಕ ಒಂದ ಸ್ಟೀಲ್ ಕಂಬಿ ಗ್ವಾಡಿಗೆ ಹಾಕಸ್ರಿ. ಅದರ ಬಿಲ್ಲು ಬೆಂಗಳೂರು ಮೈದುನಗ ಕಳಸ್ರಿ.