ಸಮರ್ಕಂದ್‌ಗೆ ಹೋಗುವವರು ಉಜ್ಬೆಕ್ ಕಲಿಯಬೇಕಾ, ರಷ್ಯನ್ ಸಾಕಾ?

ತುಂಗಾತೀರ:
ಅಕ್ಕನ ಮಗಳು ಎಂಬಿಬಿಎಸ್ ಓದಲು ಉಜ್ಬೆಕಿಸ್ತಾನದ ಸಮರ್ಕಂದ್‌ಗೆ ಹೊರಟಿದ್ದಾಳೆ. ಪಾಠ ಇಂಗ್ಲಿಷ್‌ನಲ್ಲೇ ಅಂತೆ, ಆದರೆ ವಾರ್ಡಿನಲ್ಲಿ ರೋಗಿಗಳ ಜೊತೆ ಮಾತಾಡಬೇಕಲ್ವಾ? ಏಜೆಂಟ್ ರಷ್ಯನ್ ಸಾಕು ಅನ್ನುತ್ತಾನೆ. ಇವಳು ಯೂಟ್ಯೂಬ್‌ನಲ್ಲಿ ಉಜ್ಬೆಕ್ ಶುರು ಮಾಡಿದರೆ ಒಂದು ವಿಡಿಯೋದಲ್ಲಿ ಇಂಗ್ಲಿಷ್ ಅಕ್ಷರ, ಇನ್ನೊಂದರಲ್ಲಿ ರಷ್ಯನ್ ಅಕ್ಷರ. ಯಾವುದು ಸರಿ?

ಕಡ್ಲೆಪುರಿ:
ಎರಡೂ ಸರಿ, ತಮಾಷೆ ಅಲ್ಲ. 1920ರ ದಶಕದ ಕೊನೆವರೆಗೆ ಅರಬ್ಬಿ ಲಿಪಿ ಇತ್ತು, ಆಮೇಲೆ ಲ್ಯಾಟಿನ್, ಅಂದರೆ ನೀವು ಹೇಳುವ ಇಂಗ್ಲಿಷ್ ಅಕ್ಷರ, ಬಂತು, 1940ರಲ್ಲಿ ಸೋವಿಯತ್ ಸರ್ಕಾರ ಅದನ್ನೂ ತೆಗೆದು ಸಿರಿಲಿಕ್, ಅಂದರೆ ರಷ್ಯನ್ ಅಕ್ಷರ, ತಂದಿತು. ಸ್ವತಂತ್ರವಾದ ಮೇಲೆ, 1993ರಲ್ಲಿ ಮತ್ತೆ ಲ್ಯಾಟಿನ್ ಅಂತ ಕಾನೂನು ಮಾಡಿದರು, 1995ರಲ್ಲಿ ಅದರ ಅಕ್ಷರಗಳನ್ನೇ ಬದಲಾಯಿಸಿದರು. ಈಗ ಶಾಲೆಯಲ್ಲಿ ಲ್ಯಾಟಿನ್, ಹಳಬರಿಗೆ ಸಿರಿಲಿಕ್ಕೇ ರೂಢಿ. ಲ್ಯಾಟಿನ್‌ನಿಂದಲೇ ಶುರು ಮಾಡಲಿ. 'ಓ' ಅಕ್ಷರದ ಪಕ್ಕದ ಸಣ್ಣ ಕೊಕ್ಕೆಯನ್ನು ಮಾತ್ರ ಸುಮ್ನೆ ಬಿಡಬಾರದು, ಅದು ಬೇರೆಯೇ ಸ್ವರ. ಬಿಟ್ಟರೆ ಪಿತ್ತರಸ (oʻt) ಹೋಗಿ ಕುದುರೆ (ot) ಆಗುತ್ತದೆ, ಡಾಕ್ಟರ್ ಆಗುವವಳಿಗೆ ಬೇಕಾ ಅದು!

ಬಯಲುಸೀಮೆ:
ಏಜೆಂಟ್ ಹೇಳಿದ್ದು ರಾಜಧಾನಿ ತಾಷ್ಕೆಂಟ್‌ಗೆ ಸುಮಾರಾಗಿ ಸರಿ. ಹಳ್ಳಿಯಿಂದ ಬರುವ ರೋಗಿಗಳ ಹತ್ತಿರ ರಷ್ಯನ್ ನಂಬಿಕೊಂಡರೆ ಕಷ್ಟ. ಇನ್ನೊಂದು, ಸಮರ್ಕಂದ್ ಮತ್ತು ಬುಖಾರಾದಲ್ಲಿ ತುಂಬಾ ಜನ ಮನೆಯಲ್ಲಿ ಮಾತಾಡುವುದು ತಾಜಿಕ್, ಅಂದರೆ ಪರ್ಷಿಯನ್ನಿನ ಒಂದು ಬಗೆ. ದಾಖಲೆಯಲ್ಲಿ ಉಜ್ಬೆಕ್ ಅಂತಲೇ ಇರಬಹುದು. 1924ರಲ್ಲಿ ಸೋವಿಯತ್‌ನವರು ಗಡಿ ಗೀಚಿದಾಗ ಈ ಎರಡೂ ಊರು ಉಜ್ಬೆಕಿಸ್ತಾನಕ್ಕೆ ಬಂದವು. ಅವರಿಗೂ ಉಜ್ಬೆಕ್ ಬರುತ್ತದೆ, ಹೆದರಬೇಡಿ.

ಮಂಡಕ್ಕಿ_ಮೆಣಸಿನಕಾಯಿ:
ನಾನಾದರೆ ಉಜ್ಬೆಕ್‌ಗೇ ಓಟು. ಕನ್ನಡದವರಿಗೆ ರಷ್ಯನ್‌ಗಿಂತ ಸಲೀಸು. ಕ್ರಿಯಾಪದ ಕೊನೆಗೇ ಬರುತ್ತದೆ, ಪ್ರತ್ಯಯ ಒಂದರ ಹಿಂದೆ ಒಂದು ಅಂಟಿಸುತ್ತಾ ಹೋಗುವುದು. ಕಿತೋಬ್ ಅಂದರೆ ಪುಸ್ತಕ, ಕಿತೋಬ್‌ಲರ್ ಪುಸ್ತಕಗಳು, ಕಿತೋಬ್‌ಲರಿಮಿಜ್ ನಮ್ಮ ಪುಸ್ತಕಗಳು, ಕಿತೋಬ್‌ಲರಿಮಿಜ್‌ದ ನಮ್ಮ ಪುಸ್ತಕಗಳಲ್ಲಿ. ಲಿಂಗದ ತಲೆನೋವೂ ಇಲ್ಲ, ಅವನು ಅವಳು ಅದು ಎಲ್ಲದಕ್ಕೂ 'ಉ' ಒಂದೇ. ರಷ್ಯನ್‌ನಲ್ಲಿ ಮೇಜಿಗೂ ಕುರ್ಚಿಗೂ ಲಿಂಗ ನೆನಪಿಡಬೇಕು. ರೋಗಿಗಳಿಗೆ 'ಸಿಜ್' ಅಂತಲೇ ಅನ್ನಲಿ, ನಮ್ಮ 'ನೀವು' ಇದ್ದ ಹಾಗೆ. 'ಸೆನ್' ಅಂದರೆ ಏಕವಚನ, ದೊಡ್ಡವರ ಹತ್ತಿರ ಬೇಡವೇ ಬೇಡ.

ತುಂಗಾತೀರ:
ಥ್ಯಾಂಕ್ಸ್ ಎಲ್ಲರಿಗೂ. ಸಿರಿಲಿಕ್ ಪೂರ್ತಿ ಬಿಡಬಹುದಾ ಹಾಗಾದರೆ?

ಕಡ್ಲೆಪುರಿ:
ಬಿಡಬೇಡಿ. ಓದಲು ಬಂದರೆ ಸಾಕು, ಸ್ವಲ್ಪ ದಿನದ ಕೆಲಸ. ಹಳೇ ಡಾಕ್ಟರ್ ಸಿರಿಲಿಕ್‌ನಲ್ಲಿ ಗೀಚಿದ ಚೀಟಿ ಕೈಗೆ ಬಂದರೆ ಬೇಕಾಗುತ್ತದೆ. ಕೈಬರಹದ ಅಕ್ಷರ ಅಚ್ಚಿನ ಥರ ಇರುವುದಿಲ್ಲ, ಅದನ್ನೂ ಜೊತೆಗೇ ಕಲಿಯಲಿ.